ಮಣಿಯಕ್ಕನ ಮನೆಯ ಟೋಪಿಗಳು

ನಮ್ಮ ಬೀದಿಯಲ್ಲಿ ಆಕೆಯನ್ನು ಎಲ್ಲರೂ ಮಣಿಯಕ್ಕ ಅನ್ನುತ್ತಾರೆ. ನನಗಿಂತ ಹತ್ತು ವರ್ಷ ಚಿಕ್ಕವಳು, ಆದರೂ ನಾನೂ ಮಣಿಯಕ್ಕ ಅಂತಲೇ ಕರೆಯುತ್ತೇನೆ, ಆಕೆ ನನ್ನನ್ನು ಅಣ್ಣ ಅನ್ನುತ್ತಾಳೆ. ಇವರಿಬ್ಬರಲ್ಲಿ ದೊಡ್ಡವರು ಯಾರಪ್ಪಾ ಎಂದು ಹೊಸಬರು ತಲೆ ಕೆರೆದುಕೊಂಡದ್ದುಂಟು. ನನ್ನದು ಸೂಜಿ, ದಾರ, ಗುಂಡಿ, ಉಲ್ಲನ್, ಮಣಿ ಮಾರುವ ಅಂಗಡಿ. ಅಂಗಡಿಯ ಮೇಲೆಯೇ ಎರಡು ಕೋಣೆಯ ಮನೆ. ಮೂವತ್ತೆರಡು ವರ್ಷದಿಂದ ಆಕೆ ಇರುವುದು ಅಲ್ಲಿ.

ಆಕೆಯ ಕಸುಬು ಸರ ಮಾಡುವುದು. ಚಿನ್ನದ್ದಲ್ಲ, ಬೆಳ್ಳಿಯದಲ್ಲ. ಗಾಜಿನ ಮಣಿ, ಮರದ ಮಣಿ, ಒಮ್ಮೊಮ್ಮೆ ಹಳೆಯ ಕೋಟಿನ ಗುಂಡಿ. ಕೈಗೆ ಸಿಕ್ಕ ಮಣಿಯನ್ನು ಪೋಣಿಸಿ ಮಾರುವವರು ಊರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ಈಕೆಯ ದಾರಿ ಬೇರೆ. ಮೊದಲು ಮೇಜಿನ ಮೇಲೆ ಬೂದುಬಣ್ಣದ ಟವೆಲ್ ಹಾಸುತ್ತಾಳೆ. ಬಿಳಿ ಬಟ್ಟೆ ಬಣ್ಣದ ವಿಷಯದಲ್ಲಿ ಸುಳ್ಳು ಹೇಳುತ್ತದಂತೆ. ಅದರ ಮೇಲೆ ಮಣಿಗಳನ್ನು ಒಂದೊಂದಾಗಿ ಇಟ್ಟು, ಸರಿಸಿ, ತೆಗೆದು, ಮತ್ತೆ ಇಟ್ಟು, ಹಾಗೇ ಬಿಟ್ಟು ಎದ್ದು ಹೋಗುತ್ತಾಳೆ. ಪಾತ್ರೆ ತೊಳೆದು, ನೆಲ ಒರೆಸಿ ಬಂದು ನೋಡಿದಾಗಲೂ ಸರಿ ಅನ್ನಿಸಿದರೆ ಮಾತ್ರ ಸೂಜಿ ಹಿಡಿಯುವುದು. ಕೊಳ್ಳಲು ಬಂದವರನ್ನು ಎದುರಿಗೆ ನಿಲ್ಲಿಸಿ, ಆ ಕಡೆ ತಿರುಗು, ಈ ಕಡೆ ತಿರುಗು, ಈಗ ನಗು ನೋಡೋಣ ಎಂದು ಹೇಳುವುದನ್ನು ನಾನೇ ಕೇಳಿದ್ದೇನೆ. ನಕ್ಕಾಗ ಕತ್ತಿನ ನರ ಎಲ್ಲಿ ಎದ್ದು ಬರುತ್ತದೆ ಎಂದು ನೋಡಿ ಸರದ ಉದ್ದ ಗೊತ್ತುಮಾಡುವವಳು ಆಕೆ. ಒಂದೇ ನಮೂನೆಯನ್ನು ಎರಡನೇ ಸಲ ಮಾಡಿದವಳಲ್ಲ.

ಚಳಿಗಾಲ ಹತ್ತಿರ ಬಂದರೆ ಟೋಪಿ. ಕ್ರೋಶಾ ಕಡ್ಡಿಯಲ್ಲಿ ಉಲ್ಲನ್ ಹೆಣೆದು, ಕಿವಿಯ ಬಳಿ ಎರಡೋ ಮೂರೋ ಮಣಿ ಕೂರಿಸಿದ ಟೋಪಿ. ಇದನ್ನು ಕಲಿಸಿದ್ದು ಅತ್ತೆ. ಅತ್ತೆ ಸೊಸೆಗೆ ಹೊಂದಿಕೊಂಡು ಬರುವುದಿಲ್ಲ ಎಂದು ಹೇಳುವವರು ಇವರಿಬ್ಬರನ್ನು ನೋಡಬೇಕಿತ್ತು. ಹೊಸದಾಗಿ ಮದುವೆಯಾಗಿ ಬಂದಾಗ ಒಂದು ವರ್ಷ ಆ ಮುದುಕಿಯ ಜೊತೆಯಲ್ಲಿ ಇದ್ದಳಂತೆ. ಮಧ್ಯಾಹ್ನವೆಲ್ಲ ಇಬ್ಬರೂ ಕಿಟಕಿಯ ಕೆಳಗೆ ಕೂತು ಹೆಣೆಯುತ್ತಾ, ಎದುರಿಗಿಲ್ಲದವರ ಮೇಲೆಲ್ಲ ಮಾತಾಡುತ್ತಾ ನಗುತ್ತಿದ್ದರಂತೆ. ಆಮೇಲೆ ಮುದುಕಿ ಕಿರಿಯ ಮಗನ ಊರಿಗೆ ಹೋದಳು, ಬಸ್ಸಿನಲ್ಲಿ ಆರು ಗಂಟೆಯ ದಾರಿ.

ಗಂಡ ಕಂಡಕ್ಟರ್. ಊರಿನ ಬಸ್ಸಿನಲ್ಲಿ ಇಪ್ಪತ್ತೇಳು ವರ್ಷ ಟಿಕೆಟ್ ಹರಿದವನು. ಅವನ ಗಂಟಲು ಎಂಥದೆಂದರೆ, ಬಸ್ಸು ತಿರುವಿನಲ್ಲಿರುವಾಗಲೇ ನಿಲ್ದಾಣದಲ್ಲಿ ಕೂತವರು ಎದ್ದು ಚೀಲ ಹಿಡಿದುಕೊಳ್ಳುತ್ತಿದ್ದರು. ಮನೆಗೆ ಯಾರಾದರೂ ಬಂದು ಹೊಸ್ತಿಲಲ್ಲಿ ನಿಂತರೆ, "ಒಳಗೆ ಬನ್ನಿ, ಒಳಗೆ ಜಾಗ ಇದೆ, ಬಾಗಿಲಲ್ಲಿ ಜೋತಾಡಬೇಡಿ" ಎಂದು ಅದೇ ದನಿಯಲ್ಲಿ ಕೂಗುತ್ತಿದ್ದ. ಹೆಂಡತಿಯ ಕೆಲಸದ ಮೇಲೆ ಅವನಿಗೆ ಅಭಿಮಾನವೇ ಇತ್ತು. ಬಸ್ಸಿನ ನೂಕುನುಗ್ಗಲಲ್ಲಿ ಯಾರದಾದರೂ ಸರ ಹರಿದು ಮಣಿ ಚೆಲ್ಲಿದರೆ, ಕೊನೆಯ ನಿಲ್ದಾಣದಲ್ಲಿ ಸೀಟುಗಳ ಕೆಳಗೆ ಬಗ್ಗಿ ಆರಿಸಿ, ಟಿಕೆಟ್ ಕಾಗದದಲ್ಲಿ ಪೊಟ್ಟಣ ಕಟ್ಟಿ ತರುತ್ತಿದ್ದ. ನನ್ನ ಅಂಗಡಿಯ ಮುಂದೆ ಹಾಯುವಾಗ ಆ ಪೊಟ್ಟಣ ತೋರಿಸಿ, ಇವತ್ತು ನಿನ್ನ ವ್ಯಾಪಾರಕ್ಕೆ ಕಲ್ಲು ಎಂದು ಕಣ್ಣು ಮಿಟುಕಿಸುವನು. ಮಕ್ಕಳಿಲ್ಲ. ಮೊದಮೊದಲು ಅದರ ದುಃಖವಿತ್ತು. ಬರುಬರುತ್ತಾ ಅದರ ಮಾತು ಎತ್ತುವುದನ್ನು ಇಬ್ಬರೂ ಬಿಟ್ಟರು.

ಏಳು ವರ್ಷದ ಹಿಂದೆ, ದೊಡ್ಡ ಬೀದಿಯ ಬಟ್ಟೆ ಅಂಗಡಿಯ ಒಡತಿ ಮಣಿಯಕ್ಕನ ಸರವೊಂದನ್ನು ಯಾರದೋ ಕತ್ತಿನಲ್ಲಿ ನೋಡಿ ಹುಡುಕಿಕೊಂಡು ಬಂದಳು. ಅಂಗಡಿಯ ಮುಂಭಾಗದಲ್ಲಿ ಗಾಜಿನ ಕಪಾಟೊಂದನ್ನು ಪೂರ್ತಿ ಬಿಟ್ಟುಕೊಡುತ್ತೇನೆ, ಸರ, ಓಲೆ, ಅದಕ್ಕೆ ಹೊಂದುವ ಟೋಪಿ, ಹೀಗೆ ಇಪ್ಪತ್ತನಾಲ್ಕು ಜೊತೆ ಚಳಿಗಾಲ ಶುರುವಾಗುವ ಮೊದಲ ಶನಿವಾರಕ್ಕೆ ಬೇಕು ಎಂದಳು. ಅಷ್ಟು ವರ್ಷ ಗುರುತಿನವರಿಗೆ ಮಾಡಿಕೊಟ್ಟು ಬದುಕಿದವಳಿಗೆ ಅದು ಎಷ್ಟು ದೊಡ್ಡದು ಅನ್ನುವುದು ನನಗೆ ಗೊತ್ತು. ಎರಡು ತಿಂಗಳು ಆಕೆ ತಲೆ ಎತ್ತಲಿಲ್ಲ. ಮೇಜಿನ ಮೇಲೆ ಏಳು ತಟ್ಟೆ, ಒಂದೊಂದರಲ್ಲೂ ಸಣ್ಣ ಸಣ್ಣ ಗುಳಿ, ಒಂದೊಂದು ಗುಳಿಯಲ್ಲಿ ಒಂದೊಂದು ಬಣ್ಣ.

ಸಾಮಾನು ಒಪ್ಪಿಸಬೇಕಿದ್ದ ವಾರದ ಮಂಗಳವಾರವೇ ಮೈದುನನ ಮನೆಯಿಂದ ಫೋನ್ ಬಂತು, ಅಮ್ಮನಿಗೆ ತೀರಾ ಹುಷಾರಿಲ್ಲ, ಬಂದು ನೋಡಿಕೊಂಡು ಹೋಗಿ ಎಂದು. ಕಂಡಕ್ಟರ್ ರಜೆ ಹಾಕಿ ಚೀಲ ತುಂಬಿಕೊಂಡ. ಈಕೆ, ನೀವು ಹೋಗಿರಿ, ಶನಿವಾರ ಸಾಮಾನು ಒಪ್ಪಿಸಿ ಭಾನುವಾರ ಬರುತ್ತೇನೆ ಎಂದಳು. ಅತ್ತೆ ಹಿಂದೆಯೂ ಎರಡು ಸಲ ಹೀಗೇ ಹಾಸಿಗೆ ಹಿಡಿದು ಎದ್ದವರು. ಈ ಸಲವೂ ಏಳುತ್ತಾರೆ ಎಂದು ಎಣಿಸಿದಳು. ಮುದುಕಿ ಶುಕ್ರವಾರ ಬೆಳಿಗ್ಗೆ ತೀರಿಹೋದಳು. ಸುದ್ದಿ ಬಂದೊಡನೆ ಈಕೆ ಎಲ್ಲವನ್ನೂ ಹಾಗೆಯೇ ಬಿಟ್ಟು, ಕಾಲಿಗೆ ಸಿಕ್ಕ ಚಪ್ಪಲಿ ಮೆಟ್ಟಿಕೊಂಡು ಓಡಿದಳು. ಹೋದಾಗ ಮುಖ ನೋಡಲು ಸಿಕ್ಕಿತು, ಅಷ್ಟೇ.

ಬಟ್ಟೆ ಅಂಗಡಿಯವಳು ಒಳ್ಳೆಯ ಹೆಂಗಸು, ಎರಡು ವಾರ ಹೆಚ್ಚಿಗೆ ಕೊಟ್ಟಳು. ಮಣಿಯಕ್ಕ ಗಂಡನಿಗಿಂತ ನಾಲ್ಕು ದಿನ ಮೊದಲೇ ಹಿಂದಿರುಗಿ ಕೆಲಸಕ್ಕೆ ಕೂತಳು. ಕಂಡಕ್ಟರ್ ಎಲ್ಲ ಮುಗಿಸಿ ಮನೆಗೆ ಬಂದಾಗ ಕಣ್ಣಿಗೆ ಬಿದ್ದದ್ದು ಅದೇ, ಮೇಜು, ತಟ್ಟೆ, ಸರಕ್ಕೆ ಕೊಕ್ಕೆ ಹಾಕುತ್ತಿರುವ ಹೆಂಡತಿ. ಆಮೇಲಿನದು ನನ್ನ ಕಿವಿಗೂ ಬಿತ್ತು. ಅವನ ದನಿ ಅಂಥದು.

"ಅಮ್ಮ ಕೊನೇ ಗಳಿಗೆವರೆಗೂ ನಿನ್ನನ್ನೇ ಕೇಳ್ತಿದ್ದಳು. ದೊಡ್ಡ ಸೊಸೆ ಎಲ್ಲಿ, ದೊಡ್ಡ ಸೊಸೆ ಬಂದಳಾ ಅಂತ. ನಿನಗೆ ಮಣಿ ಹೆಚ್ಚಾಯ್ತು."

ಹೇಳಿ ಮೇಜಿನ ಅಂಚು ಹಿಡಿದು ಎತ್ತಿದ. ಏಳು ತಟ್ಟೆಯ ಮಣಿಗಳು ನೆಲದ ಮೇಲೆ ಬಿದ್ದವು. ಬಾಗಿಲು ತೆರೆದಿತ್ತು. ಮೆಟ್ಟಿಲಿನಿಂದ ಮೆಟ್ಟಿಲಿಗೆ ಪುಟಿಯುತ್ತಾ ಅವು ನನ್ನ ಅಂಗಡಿಯ ಬಾಗಿಲಿನವರೆಗೂ ಬಂದವು. ನಾನು ಕುರ್ಚಿಯಿಂದ ಎದ್ದು ಹೊರಗೆ ಬಂದೆ, ಕಾಲಿಡಲು ಜಾಗವಿರಲಿಲ್ಲ. ಅವನು ಅವುಗಳ ಮೇಲೆಯೇ ನಡೆದು ಬೀದಿಗೆ ಇಳಿದು ಹೋದ. ನನ್ನ ಮುಖವನ್ನೂ ನೋಡಲಿಲ್ಲ.

ಮಣಿಗಳನ್ನು ಬಣ್ಣ ಬೇರೆ, ಅಳತೆ ಬೇರೆ ಮಾಡಲು ಆಕೆಗೆ ಹನ್ನೊಂದು ದಿನ ಹಿಡಿಯಿತು. ನನ್ನ ಹೆಂಡತಿ ಸಹಾಯಕ್ಕೆ ಹೋದರೆ ಬೇಡ ಅಂದಳು. ಗಾಜಿನ ಕಪಾಟಿಗೆ ಇಪ್ಪತ್ತನಾಲ್ಕರ ಬದಲು ಒಂಬತ್ತು ಜೊತೆ ಹೋಯಿತು. ಗಂಡಹೆಂಡಿರ ನಡುವೆ ಮಾತು ನಿಂತಿತು. ಒಂದು ದಿನವಲ್ಲ, ಒಂದು ವಾರವಲ್ಲ, ಐದು ತಿಂಗಳು. ಅವನು ಒಳಕೋಣೆಯಲ್ಲಿ, ಈಕೆ ಮೇಜಿರುವ ಕೋಣೆಯಲ್ಲಿ. ನಾನು ಅವರಿಬ್ಬರ ಅಂಚೆ ಕಚೇರಿಯಾದೆ. ಅಣ್ಣ, ಗ್ಯಾಸ್ ಮುಗಿದಿದೆ ಅಂತ ಅವರಿಗೆ ಹೇಳಿ ಎಂದು ಈಕೆ, ನಾಳೆ ನನಗೆ ಬೆಳಗಿನ ಪಾಳಿ ಅಂತ ಮೇಲೆ ತಿಳಿಸಪ್ಪಾ ಎಂದು ಅವನು. ಒಂದು ಸಲ ರೇಗಿ, ನಿಮ್ಮಿಬ್ಬರ ಮಧ್ಯೆ ಇರುವುದು ಒಂದು ಗೋಡೆ, ನಾನು ಹತ್ತಬೇಕಾದದ್ದು ಹದಿನಾರು ಮೆಟ್ಟಿಲು, ನನ್ನ ಮೊಣಕಾಲಿಗೂ ವಯಸ್ಸಾಯಿತು ಎಂದೆ. ಅವನು ನಕ್ಕ. ನಗು ಬಂದ ಮೇಲೆ ಇನ್ನೇನು ಸರಿಹೋಗುತ್ತದೆ ಎಂದುಕೊಂಡೆ. ಸರಿಹೋಗಲು ಹೆಚ್ಚು ದಿನ ಬೇಕಿರಲಿಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಐದನೆಯ ತಿಂಗಳ ಕೊನೆಗೆ ಒಂದು ದಿನ, ಬೆಳಿಗ್ಗೆ ಹತ್ತರ ಸುಮಾರಿಗೆ ಬಸ್ಸಿನಲ್ಲಿ ನಿಲ್ದಾಣದ ಹೆಸರು ಕೂಗಿದವನು, ಮುಂದಿನ ನಿಲ್ದಾಣಕ್ಕೆ ಬೇರೆ ಯಾವುದೋ ಹೆಸರು ಕೂಗಿದ. ಅದರ ಮುಂದಿನದಕ್ಕೆ ಹೆಸರಲ್ಲದ ಏನೋ ಒಂದು ಶಬ್ದ. ಜನ ನಕ್ಕರು. ಸದಾ ತಮಾಷೆ ಮಾಡುವವನು, ಇದೂ ಒಂದು ತಮಾಷೆ ಎಂದುಕೊಂಡರು. ಡ್ರೈವರ್ ಕನ್ನಡಿಯಲ್ಲಿ ನೋಡಿದಾಗ ಅವನ ಬಾಯಿ ಒಂದು ಕಡೆಗೆ ಜಾರಿತ್ತು, ಟಿಕೆಟಿನ ಚೀಲ ಹಿಡಿದ ಬಲಗೈ ಜೋತುಬಿದ್ದಿತ್ತು. ಬಸ್ಸನ್ನು ನೇರ ಆಸ್ಪತ್ರೆಗೇ ತಿರುಗಿಸಿದನಂತೆ, ಒಳಗಿದ್ದ ಜನರ ಸಮೇತ.

ಲಕ್ವ. ಇಪ್ಪತ್ತು ದಿನ ಆಸ್ಪತ್ರೆಯಲ್ಲಿದ್ದು ಬಂದ. ಬಲಗಾಲನ್ನು ಎಳೆದುಕೊಂಡು ನಾಲ್ಕು ಹೆಜ್ಜೆ ಹಾಕುವಷ್ಟಾದ, ಬಲಗೈ ಮಾತ್ರ ಮರದ ಹಾಗೆ. ಮಾತು ಹೋಗಿತ್ತು. ಉಳಿದದ್ದು ಒಂದೇ, ಹೌದು. ನೀರು ಬೇಕಾ ಅಂದರೆ ಹೌದು. ಬೇಡವಾ ಅಂದರೂ ಹೌದು. ಹಸಿವಿಗೆ ಒಂದು ಹೌದು, ಸಿಟ್ಟಿಗೆ ಒಂದು ಹೌದು, ನನ್ನನ್ನು ಕಂಡರೆ ಇನ್ನೊಂದು. ನೋಡಲು ಬಂದ ಜನ ಅವನಿಗೆ ಕಿವಿ ಕೇಳುವುದಿಲ್ಲವೇನೋ ಎಂಬಂತೆ ಕೂಗಿ ಕೂಗಿ ಮಾತಾಡುವರು. ಅವನು ಗೋಡೆಗೆ ಮುಖ ತಿರುಗಿಸುವನು.

ಮಣಿಯಕ್ಕ ಎಲ್ಲ ಮಾಡಿದಳು. ಸ್ನಾನ, ಊಟ, ಬಟ್ಟೆ, ಕಾಲು ತಿಕ್ಕುವುದು, ಎಲ್ಲ. ಆದರೆ ಐದು ತಿಂಗಳ ಮೌನ ಮುರಿಯುವುದು ಹೇಗೆ ಎಂದು ಆಕೆಗೆ ತಿಳಿಯಲಿಲ್ಲ. ಮೊದಲು ಬಿಂಕದಿಂದ ಮಾತಾಡದಿದ್ದವಳು, ಈಗ ಮಾತಾಡಿದರೆ ಮಾತು ಹೋದವನನ್ನು ಅಣಕಿಸಿದ ಹಾಗಾಗುತ್ತದೆಯೋ ಎಂದು ಅಂಜಿದಳು. ಇದನ್ನೆಲ್ಲ ಆಕೆಯೇ ನನಗೂ ನನ್ನ ಹೆಂಡತಿಗೂ ಹೇಳಿದ್ದು, ಒಂದೇ ಸಲಕ್ಕಲ್ಲ. ವರ್ಷಗಳ ಮೇಲೆ, ದಾರ ಕೊಳ್ಳಲು ಬಂದಾಗ ಒಂದಿಷ್ಟು, ಹೋಗುವಾಗ ನಿಂತು ಒಂದಿಷ್ಟು.

ಆಸ್ಪತ್ರೆಯಿಂದ ವಾರಕ್ಕೆ ಎರಡು ದಿನ ಒಬ್ಬ ಹುಡುಗಿ ಬರುತ್ತಿದ್ದಳು, ಮಾತು ಕಲಿಸುವವಳು. ಚಿತ್ರ ತೋರಿಸಿ ಇದೇನು, ಇದೇನು ಎಂದು ಕೇಳುವಳು. ಎಲ್ಲಕ್ಕೂ ಹೌದು. ಮೂರನೇ ವಾರ ಆ ಹುಡುಗಿ ಚಿತ್ರಗಳನ್ನು ಬದಿಗಿಟ್ಟು, ಯೋಚಿಸಿ ಆಡುವ ಮಾತು ಹೋದವರಿಗೆ ಒಮ್ಮೊಮ್ಮೆ ಯೋಚಿಸದೆ ಬಾಯಿಗೆ ಬರುವಂಥದು ಉಳಿದಿರುತ್ತದೆ, ನೋಡೋಣ ಎಂದು, ಅವನ ಎದುರು ಕೂತು, "ಒಂದು" ಎಂದಳು.

"ಎರಡು," ಎಂದ ಕಂಡಕ್ಟರ್. "ಮೂರು, ನಾಲ್ಕು, ಐದು..."

ನಾನು ಕೆಳಗೆ ಗಿರಾಕಿಗೆ ಗುಂಡಿ ಎಣಿಸಿ ಕೊಡುತ್ತಿದ್ದೆ. ತಲೆಯ ಮೇಲಿನಿಂದ ಆ ದನಿ ಬಂತು. ಹಳೆಯ ದನಿಯೇ, ಒಂದಿಷ್ಟೂ ಬದಲಾಗಿರಲಿಲ್ಲ. ತುಂಬಿದ ಬಸ್ಸಿನಲ್ಲಿ ತಲೆ ಎಣಿಸುವ ಹಾಗೆ, ನಿಲ್ಲದೆ, ತೊದಲದೆ ನೂರರವರೆಗೆ ಎಣಿಸಿದ. ನಾನು ಗುಂಡಿಯ ಲೆಕ್ಕ ತಪ್ಪಿದೆ. ಮಣಿಯಕ್ಕ ಒಳಗಿನಿಂದ ಒದ್ದೆ ಕೈಯಲ್ಲೇ ಬಂದು ಬಾಗಿಲು ಹಿಡಿದು ನಿಂತಳಂತೆ. ನೂರು ಮುಗಿಸಿ ಅವನು ಮುಂದೇನು ಎಂಬಂತೆ ಇಬ್ಬರನ್ನೂ ನೋಡಿದನಂತೆ. ಮುಂದೆ ಹೇಳಲು ಏನೂ ಇರಲಿಲ್ಲ. ನೂರರ ಆಚೆ ಮತ್ತೆ ಹೌದು.

ಇವರಿಗೆ ಎಣಿಸುವಂಥ ಕೆಲಸ ಏನಾದರೂ ಕೊಡಿ ಎಂದು ಹುಡುಗಿ ಹೇಳಿಹೋದಳು. ಮಣಿಯಕ್ಕ ಮೊದಲು ಮಣಿ ಕೊಟ್ಟಳು. ಎಡಗೈಗೆ ಅಭ್ಯಾಸವಿಲ್ಲ, ಮಣಿ ಜಾರಿ ನೆಲಕ್ಕೆ ಬಿದ್ದು ಉರುಳಿತು. ಇಬ್ಬರೂ ಅದು ಉರುಳುವುದನ್ನೇ ನೋಡಿದರು. ಆಕೆ ತಟ್ಟೆ ಎತ್ತಿ ಒಳಗಿಟ್ಟು, ದಪ್ಪ ಉಲ್ಲನ್ನೂ ದಪ್ಪ ಕ್ರೋಶಾ ಕಡ್ಡಿಯೂ ತಂದಳು. ಒಂದೇ ಕೈಯಲ್ಲಿ ಹೆಣೆಯುವುದು ಹೇಗೆ? ಪಕ್ಕದ ಬೀದಿಯ ಬಡಗಿಯನ್ನು ಕರೆಸಿ, ಮೇಜಿನ ಅಂಚಿಗೆ ಮರದ ಇಕ್ಕಳವೊಂದನ್ನು ಕೂರಿಸಿದಳು. ಹೆಣೆದ ಭಾಗವನ್ನು ಇಕ್ಕಳ ಹಿಡಿಯಬೇಕು, ಸತ್ತ ಬಲಗೈ ದಾರದ ಮೇಲೆ ಭಾರವಾಗಿ ಕೂತಿರಬೇಕು, ಎಡಗೈ ಕಡ್ಡಿ ಆಡಿಸಬೇಕು. ಟೋಪಿ ಶುರುವಾಗುವುದು ನೆತ್ತಿಯಿಂದ. ಮೊದಲ ಸುತ್ತಿಗೆ ಆರು ಕುಣಿಕೆ, ಎರಡನೆಯದಕ್ಕೆ ಹನ್ನೆರಡು, ಆಮೇಲೆ ಹದಿನೆಂಟು. ಅಗಲ ಸಾಕೆನಿಸಿದ ಮೇಲೆ ಹೆಚ್ಚಿಸುವುದು ನಿಲ್ಲಿಸಿ ಹಾಗೇ ಇಳಿಸುತ್ತಾ ಹೋಗಬೇಕು. ಎಣಿಕೆ ತಪ್ಪಿದರೆ ಟೋಪಿ ಕೆಟ್ಟಿತು.

ಮೊದಲ ಟೋಪಿಗೆ ಎರಡು ತಿಂಗಳಾಯಿತು. ಅದು ಮನುಷ್ಯರ ತಲೆಗೆ ಆಗುವಂಥದಲ್ಲ, ಕುಂಬಳಕಾಯಿಗೆ ಹಾಕಬಹುದಿತ್ತು. ನಾನೇ ಕೇಳಿ ತೆಗೆದುಕೊಂಡು ಅಂಗಡಿಯ ದಾರದುಂಡೆ ಹಾಕಿಡಲು ಇಟ್ಟುಕೊಂಡೆ. ಅದನ್ನು ನೋಡಿ ಕಂಡಕ್ಟರ್ ಎಷ್ಟೋ ತಿಂಗಳ ಮೇಲೆ ಹೊಟ್ಟೆ ಹಿಡಿದು ನಕ್ಕ. ಐದನೆಯದಕ್ಕೆ ಬರುವಷ್ಟರಲ್ಲಿ ಟೋಪಿ ಟೋಪಿಯಾಯಿತು. ಹತ್ತು ಆದ ಮೇಲೆ ಅವನದೇ ಒಂದು ನಮೂನೆ ಹುಟ್ಟಿತು. ಹೆಂಡತಿ ಬಣ್ಣ ಆರಿಸಿ ಕೊಟ್ಟರೆ ಉಂಡೆಯನ್ನು ಎಡಗೈಯಿಂದ ದೂರ ತಳ್ಳುವನು, ಬೇರೆ ಉಂಡೆ ತೋರಿಸುವನು. ತಿಳಿ ಹಸಿರು, ಗುಲಾಬಿ, ಮಾಸಲು ಹಳದಿ. ಮೂರು ದಿನ ನೋಡಿದ ಮೇಲೆ ಆಕೆಗೆ ಹೊಳೆಯಿತು, ಅವು ಟಿಕೆಟುಗಳ ಬಣ್ಣ. ಹತ್ತಿರದ ನಿಲ್ದಾಣಕ್ಕೆ ಹಸಿರು, ಆಚೆಯದಕ್ಕೆ ಗುಲಾಬಿ, ಕೊನೆಯದಕ್ಕೆ ಹಳದಿ. ಅವನ ಬಸ್ಸು ಹೋಗುತ್ತಿದ್ದ ದಾರಿ ಟೋಪಿಯ ಮೇಲೆ ನೆತ್ತಿಯಿಂದ ಕಿವಿಗೆ ಇಳಿಯುತ್ತಿತ್ತು. ಆಕೆ ಅಂಚಿನಲ್ಲಿ ಮಣಿ ಕೂರಿಸುವಳು. ಅಲ್ಲಿಯವರೆಗೆ ಒಂದೇ ನಮೂನೆ ಎರಡು ಸಲ ಮಾಡದವಳು, ಈಗ ಒಂದರ ಮೇಲೊಂದು ಅದೇ ಬಣ್ಣದ ಟೋಪಿಗೆ ಮಣಿ ಹೊಂದಿಸುತ್ತಾ ಕೂತಳು.

ಬಟ್ಟೆ ಅಂಗಡಿಯವಳು ನೋಡಿ ಇದ್ದಷ್ಟನ್ನೂ ಒಯ್ದಳು. ಡಿಪೋದವರು ಬಂದು ಕೇಳಿ ಕೇಳಿ ಹಾಕಿಕೊಂಡರು. ಹಳೆಯ ಡ್ರೈವರ್ ಒಂದು ಟೋಪಿಯನ್ನು ಬೇಸಿಗೆಯಲ್ಲೂ ತಲೆಯಿಂದ ತೆಗೆಯಲಿಲ್ಲ. ಆ ಎರಡು ಚಳಿಗಾಲ ನನ್ನ ಅಂಗಡಿಯ ಮೇಲೆ ಹಗಲೆಲ್ಲ ಎಣಿಕೆ ನಡೆಯುತ್ತಿತ್ತು. ನಲವತ್ತೊಂದು, ನಲವತ್ತೆರಡು... ಕೇಳಿ ಕೇಳಿ ನನಗೂ ರೂಢಿಯಾಗಿ, ಅವನು ನಿಲ್ಲಿಸಿದರೆ ನಾನು ತಲೆ ಎತ್ತಿ ನೋಡುತ್ತಿದ್ದೆ. ಗಂಡಹೆಂಡಿರ ನಡುವೆ ಬೇರೆ ಮಾತಿಲ್ಲದಿದ್ದರೂ ಅದೂ ಒಂದು ಸಂಸಾರವೇ ಆಗಿತ್ತು. ಇವನು ಎಣಿಸುವನು, ಆಕೆ ಹೂಂಗುಡುವಳು.

ಎರಡನೆಯ ಚಳಿಗಾಲದ ಒಂದು ಮಧ್ಯಾಹ್ನ ಆಕೆಗೆ ತಡೆಯಲಾಗಲಿಲ್ಲ. ಅವನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, ಎರಡು ವರ್ಷ ನುಂಗಿಕೊಂಡಿದ್ದನ್ನು ಹೇಳಿದಳು.

"ಅವತ್ತು ನಾನು ಬರಬೇಕಿತ್ತು. ಅತ್ತೆ ಕರೀತಿದ್ದಾಗ ನಾನು ಅಲ್ಲಿರಬೇಕಿತ್ತು. ತಪ್ಪಾಯ್ತು."

ಅವನ ಕೈಯಿಂದ ಕಡ್ಡಿ ಜಾರಿತು. ಬಾಯಿ ಆಡಿತು.

"ಹೌದು," ಎಂದ.

ಆಕೆಯ ಮುಖ ಏನಾಯಿತೋ, ಅದನ್ನು ನೋಡಿ ಅವನು ಜೋರಾಗಿ ತಲೆ ಅಲ್ಲಾಡಿಸಿದ. ಹೌದು, ಹೌದು, ಎಂದು ಮೇಜು ಗುದ್ದಿದ. ಅದು ಅವನು ಹೇಳಬೇಕೆಂದಿದ್ದ ಮಾತಲ್ಲ ಎನ್ನುವುದು ಆಕೆಗೆ ಗೊತ್ತಾಯಿತು. ಏನು ಹೇಳಬೇಕೆಂದಿದ್ದ ಎನ್ನುವುದು ಮಾತ್ರ ಗೊತ್ತಾಗಲಿಲ್ಲ. ಅವನು ಒಂದು, ಎರಡು, ಮೂರು ಎಂದು ಎಣಿಸತೊಡಗಿದ. ಬಸ್ಸಿಗೆ ಹಿಂದಿನಿಂದ ಓಡಿ ಹಿಡಿದು ಹತ್ತುವವರ ಹಾಗೆ, ಎಣಿಕೆಯ ವೇಗದಲ್ಲಿ ಹೇಗಾದರೂ ಮಾಡಿ ಮಾತಿನೊಳಕ್ಕೆ ನುಗ್ಗಬೇಕೆಂದು ಎಣಿಸಿದ. ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು. ಅಲ್ಲಿ ನಿಂತ. ಕಣ್ಣಲ್ಲಿ ನೀರು ಬಂತು. ಆಕೆ ಅವನ ಎಡಗೈ ಹಿಡಿದುಕೊಂಡು, ಆಯ್ತು ಬಿಡಿ, ನನಗೆ ತಿಳೀತು ಅಂದಳು. ತಿಳಿದಿರಲಿಲ್ಲ. ಆದರೂ ಅಂದಳು. ಕ್ಷಮಿಸಿದ್ದಾನೆಯೇ, ಇಲ್ಲವೇ ಎಂಬುದನ್ನು ಅವನ ಮುಖದಲ್ಲಿ ಹುಡುಕುತ್ತಾ ಆಕೆ ಆ ಚಳಿಗಾಲ ಕಳೆದಳು.

ಮೂರನೆಯ ವರ್ಷ ಎಣಿಕೆ ಕೆಡಲು ಶುರುವಾಯಿತು. ಹನ್ನೊಂದು, ಹನ್ನೆರಡು, ಹನ್ನೆರಡು, ಹನ್ನೆರಡು ಎನ್ನುತ್ತಾ ಒಂದೇ ಕಡೆ ಸುತ್ತುವನು. ತಲೆಯೊಳಗೆ ಮತ್ತೊಂದು ಸಣ್ಣ ಹೊಡೆತ ಆಗಿದೆ, ಇನ್ನೂ ಆಗಬಹುದು ಎಂದರು ಡಾಕ್ಟರು. ಟೋಪಿಗಳು ಒಂದು ಕಡೆ ಬಿಗಿದು, ಇನ್ನೊಂದು ಕಡೆ ನಿರಿಗೆಯಾಗಿ ಎದ್ದು ಬರತೊಡಗಿದವು. ಅವನಿಗೆ ಅದು ಕಾಣುತ್ತಿರಲಿಲ್ಲ. ಮುಗಿಸಿದ್ದನ್ನು ಹೆಂಡತಿಯ ಕಡೆ ಹಿಡಿದು, ಹೇಗಿದೆ ಎಂಬಂತೆ ಹುಬ್ಬು ಹಾರಿಸುವನು. ಚೆನ್ನಾಗಿದೆ ಎನ್ನುವಳು. ಊಟವಾಗಿ ಅವನು ಮಲಗಿದ ಮೇಲೆ ಕಿಟಕಿಯ ಬಳಿ ಕೂತು ಆ ಟೋಪಿಯನ್ನು ಬಿಚ್ಚಿ, ಕುಣಿಕೆ ಸರಿಮಾಡಿ ಹೆಣೆದು, ಅವನು ಏಳುವಷ್ಟರಲ್ಲಿ ಅದೇ ಜಾಗದಲ್ಲಿ ಇಡುವಳು. ಅವನು ಎದ್ದು, ಸರಿಯಾಗಿರುವ ಟೋಪಿಯನ್ನು ತಿರುಗಿಸಿ ನೋಡಿ, ತೃಪ್ತಿಯಿಂದ ಹೊಸದು ಶುರುಮಾಡುವನು. ಹೀಗೆ ಎರಡು ತಿಂಗಳು ನಡೆಯಿತು.

ಒಂದು ದಿನ ಅವನಿಗೆ ಬೇಗ ಎಚ್ಚರವಾಗಿದೆ. ಆಕೆಗೆ ಗೊತ್ತಾಗಲಿಲ್ಲ. ಬೆನ್ನು ಅವನ ಕಡೆಗಿತ್ತು. ಬಿಚ್ಚಿದ ದಾರ ಆಕೆಯ ಮಡಿಲಿನಿಂದ ನೆಲಕ್ಕೆ ಸುರುಳಿ ಸುರುಳಿಯಾಗಿ ಬೀಳುತ್ತಿತ್ತು. ಏಕೋ ತಿರುಗಿ ನೋಡಿದರೆ ಅವನು ದಿಂಬಿನ ಮೇಲೆ ತಲೆಯಿಟ್ಟು, ಕಣ್ಣು ತೆರೆದುಕೊಂಡು ನೋಡುತ್ತಿದ್ದ. ಎಷ್ಟು ಹೊತ್ತಿನಿಂದಲೋ. ಸಿಟ್ಟಿರಲಿಲ್ಲ ಎನ್ನುತ್ತಾಳೆ ಆಕೆ. ಸಿಟ್ಟು ಮಾಡಿದ್ದರೆ ಒಳ್ಳೆಯದಿತ್ತು. ನಿಧಾನವಾಗಿ ಗೋಡೆಯ ಕಡೆ ಹೊರಳಿದ.

ಆಮೇಲೆ ಅವನು ಕಡ್ಡಿ ಮುಟ್ಟಲಿಲ್ಲ. ಆಕೆ ಉಂಡೆ ತಂದು ಮುಂದಿಟ್ಟಳು, ದಮ್ಮಯ್ಯ ಅಂದಳು, ಬೇಕೆಂದೇ ತಾನೊಂದು ಟೋಪಿಯನ್ನು ವಕ್ರವಾಗಿ ಹೆಣೆದು ತೋರಿಸಿ ನಗಿಸಲು ನೋಡಿದಳು. ನಾನೂ ಹೋಗಿ, ಅಂಗಡಿಯಲ್ಲಿ ಜನ ಕೇಳುತ್ತಿದ್ದಾರೆ ಕಣೋ ಎಂದೆ. ಹೌದು ಎಂದ, ಯಾವ ಹೌದೂ ಅಲ್ಲದ ಒಂದು ಹೌದು. ಮೇಲಿನಿಂದ ದನಿ ಬರುವುದು ನಿಂತಿತು. ಹನ್ನೊಂದು ವಾರಕ್ಕೆ, ಒಂದು ಬೆಳಿಗ್ಗೆ, ಆಕೆ ಟೀ ಹಿಡಿದು ಹೋದಾಗ ಅವನಲ್ಲಿ ಉಸಿರು ಇರಲಿಲ್ಲ.

ಸಾವಿಗೆ ಬಂದ ಓರಗಿತ್ತಿ ಹತ್ತು ದಿನ ಜೊತೆಯಲ್ಲೇ ಉಳಿದಳು. ಮೈದುನನ ಹೆಂಡತಿ, ಮಾತು ಕಡಿಮೆ, ಕೆಲಸ ಜಾಸ್ತಿ. ಏಳನೆಯ ದಿನವೋ ಎಂಟನೆಯ ದಿನವೋ ಇಬ್ಬರೂ ಅವನ ಬಟ್ಟೆ ಮಡಚುತ್ತಿದ್ದಾಗ ಮಣಿಯಕ್ಕ, ಅತ್ತೆ ಕೊನೆಗೆ ನನ್ನನ್ನು ಅಷ್ಟೊಂದು ಕರೆದರಂತೆ, ನಾನು ಬರಲಿಲ್ಲ, ಆ ಪಾಪವೇ ಇದು ಎಂದಳು. ಓರಗಿತ್ತಿ ಕೈಯಲ್ಲಿದ್ದ ಅಂಗಿಯನ್ನು ಹಾಗೇ ಹಿಡಿದು ನಿಂತಳು.

"ಯಾರು ಹೇಳಿದ್ದು ಅಕ್ಕ? ಅತ್ತೆಗೆ ಎಚ್ಚರವೇ ಇರಲಿಲ್ಲ. ಭಾವ ಬರೋ ಹೊತ್ತಿಗೇ ಕಣ್ಣು ಮುಚ್ಚಿದ್ದರು, ತೆಗೀಲೇ ಇಲ್ಲ. ಯಾರನ್ನೂ ಕರೀಲಿಲ್ಲ. ಭಾವನೇ ಮೂರು ದಿನ ಪಕ್ಕದಲ್ಲಿ ಕೂತು ಅಮ್ಮಾ, ಅಮ್ಮಾ ಅಂತ ಕರೆದರು. ಅವರನ್ನೂ ನೋಡಲಿಲ್ಲ."

ಮಣಿಯಕ್ಕ ಇದನ್ನು ನನಗೆ ಹೇಳಲು ಬಂದದ್ದು ಓರಗಿತ್ತಿ ಊರಿಗೆ ಹೋದ ಮೇಲೆ. ಅಂಗಡಿಯ ಒಳಗೆ ಬಂದು ಉಲ್ಲನ್ ಮೂಟೆಯ ಮೇಲೆ ಕೂತಳು. ಆಕೆ ಅಲ್ಲಿ ಕೂತದ್ದು ನಾನು ನೋಡಿದ್ದು ಅದೇ ಮೊದಲು. ಕೆಲವು ದಿನ ಅವನ ಮೇಲೆ ಎಂಥ ಸಿಟ್ಟು ಬಂದಿತ್ತೆಂದರೆ, ಚೀಲ, ಚಪ್ಪಲಿ, ಕೋಲು ಎಲ್ಲವನ್ನೂ ಕಣ್ಣಿಗೆ ಕಾಣದ ಹಾಗೆ ಅಟ್ಟಕ್ಕೆ ಎಸೆದಳಂತೆ. ಬದುಕಿಡೀ ನಗಿಸಿದವನು ಒಂದೇ ಒಂದು ಸುಳ್ಳು ಹೇಳಿ, ಅದನ್ನೇ ಕೊನೆಯ ಮಾತು ಮಾಡಿ ಹೋದ ಎಂದು. ಆಮೇಲೆ ತಾನು ತಪ್ಪಾಯ್ತು ಎಂದ ಆ ಮಧ್ಯಾಹ್ನದ ನೆನಪಾಯಿತಂತೆ.

"ನಾನು ಕ್ಷಮಾಪಣೆ ಕೇಳ್ತಿದ್ದೀನಿ ಅಂತ ಇದ್ದೆ ಅಣ್ಣ. ಅವರೇ ಕೇಳೋಕೆ ಒದ್ದಾಡ್ತಿದ್ದರೋ ಏನೋ. ಅದು ನಿಜ ಅಲ್ಲ ಅಂತ ಹೇಳೋಕೆ. ನನಗೆ ತಿಳೀತು ಅಂತ ಹೇಳಿ ಬಾಯಿ ಮುಚ್ಚಿಸಿಬಿಟ್ಟೆ."

ಹಾಗೇ ಇರಬೇಕು ಎಂದೆ ನಾನು. ಇರಬೇಕು ಎಂದರೆ ಇತ್ತು ಎಂದಾಗುವುದಿಲ್ಲವಲ್ಲ ಎಂದಳು. ಇನ್ನೊಂದು ಇದೆ ಅಂದಳು. ಆ ಟೋಪಿಗಳನ್ನು ಬಿಚ್ಚಿದ್ದು ಏಕೆ ಎಂದು ತನಗೇ ಗೊತ್ತಿಲ್ಲವಂತೆ. ಅವನಿಗೆ ನೋವಾಗದಿರಲಿ ಎಂದೇ ಬಿಚ್ಚಿದೆ ಎಂದು ಅಷ್ಟು ದಿನ ಅಂದುಕೊಂಡಿದ್ದಳು. ಈಗ ಅನುಮಾನ. ವಕ್ರವಾದ ಟೋಪಿಯೊಂದು ತನ್ನ ಮನೆಯಿಂದ ಹೊರಗೆ ಹೋಗುವುದನ್ನು ಸಹಿಸಲಾಗದೆ ಬಿಚ್ಚಿದೆನೇನೋ. "ಅವರು ಅಂದಿದ್ದರಲ್ಲ, ನಿನಗೆ ಮಣಿ ಹೆಚ್ಚಾಯ್ತು ಅಂತ. ಅದೊಂದು ಮಾತು ಸುಳ್ಳಲ್ಲವೇನೋ."

ಸಮಾಧಾನ ಹೇಳಲು ಬಾಯಿ ತೆರೆದೆ. ಆಕೆ ಕೈ ಎತ್ತಿ ಬೇಡ ಎಂದಳು. ಅಂಗಡಿಗೆ ಗಿರಾಕಿ ಬಂದರು, ಆಕೆ ಎದ್ದು ಹೋದಳು.

ಆ ವರ್ಷದಿಂದ ಆ ಮನೆಯಲ್ಲಿ ಟೋಪಿ ಆಗಿಲ್ಲ. ಬಟ್ಟೆ ಅಂಗಡಿಯವಳು ಮೂರು ಸಲ ಬಂದಳು. ನಮೂನೆ ನಿಮ್ಮ ಹತ್ತಿರವೇ ಇದೆಯಲ್ಲ, ಕೈಯೂ ನಿಮ್ಮದೇ, ಅದೇ ಮೂರು ಬಣ್ಣದಲ್ಲಿ ಮಾಡಿಕೊಡಿ ಎಂದು ಕೇಳಿದಳು. ಮಣಿಯಕ್ಕ ಆಕೆಗೆ ಟೀ ಕೊಟ್ಟು, ಅದು ನಮ್ಮವರ ಕೆಲಸ, ನನಗೆ ಬರುವುದಿಲ್ಲ ಎಂದಳು. ಹೊಟ್ಟೆಪಾಡಿಗೆ ಸರ ಮಾಡುತ್ತಾಳೆ. ಮೊದಲಿನಷ್ಟಿಲ್ಲ, ತಿಂಗಳಿಗೆ ನಾಲ್ಕೋ ಐದೋ. ಮೇಜಿನ ಮುಂದೆ ಕೂತು ಒಂದು ಸಾಲು ಇಟ್ಟು, ಎದ್ದು ಹೋಗಿ, ಬಂದು ನೋಡಿ, ಸರಿಯಿದ್ದುದನ್ನೂ ಕೆಡಿಸಿ ತಟ್ಟೆಗೆ ಸುರಿಯುವ ದಿನಗಳೇ ಹೆಚ್ಚು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಓರಗಿತ್ತಿ ಒಮ್ಮೊಮ್ಮೆ ಬಂದು ವಾರ ಇದ್ದು ಹೋಗುತ್ತಾಳೆ. ನಮ್ಮ ಜೊತೆಗೇ ಬಂದುಬಿಡು ಎಂದು ಕರೆದಳಂತೆ. ಈಕೆ ಹೋಗಲಿಲ್ಲ, ಏಕೆಂದು ನಾವು ಕೇಳಲಿಲ್ಲ.

ಹೋದ ವರ್ಷದಿಂದ ಆಕೆಗೆ ಸೊಂಟ ನೋವು. ಮೆಟ್ಟಿಲು ಇಳಿದು ಹತ್ತುವುದು ಆಗುತ್ತಿಲ್ಲ. ಕಿಟಕಿಯಿಂದ ಹಗ್ಗಕ್ಕೆ ಸಣ್ಣ ಬುಟ್ಟಿ ಕಟ್ಟಿ ಇಳಿಸುತ್ತಾಳೆ, ಅದರಲ್ಲಿ ಒಂದು ಚೀಟಿ. ಮೊನ್ನೆ ಸೋಮವಾರದ್ದರಲ್ಲಿ, ಸಣ್ಣ ನೀಲಿ ಎರಡು ಪೊಟ್ಟಣ, ಹೋದ ಸಲದ್ದು ಬಣ್ಣ ಬಿಟ್ಟಿತು ಎಂದು ಬರೆದಿದ್ದಳು. ನಾನು ಬೇರೆ ಡಬ್ಬಿಯಿಂದ ತೆಗೆದು ಬೆಳಕಿಗೆ ಹಿಡಿದು ನೋಡಿ, ಬುಟ್ಟಿಗೆ ಹಾಕಿ, ಹಗ್ಗ ಅಲ್ಲಾಡಿಸಿದೆ. ಆಕೆ ಎಳೆದುಕೊಂಡಳು.